ತಪ್ಪು ಮಾಡಿದ ಪತ್ತೇದಾರ: ಉರಾಸಾವಾ ಅವರ ‘ಮಾನ್‌ಸ್ಟರ್’ ಮತ್ತು ಇನ್‌ಸ್ಪೆಕ್ಟರ್ ಲುಂಗೆ

1994ರಲ್ಲಿ ಜಪಾನಿನ ಶೊಗಾಕುಕಾನ್ ಪ್ರಕಾಶನದ ಎರಡು ಪತ್ರಿಕೆಗಳಲ್ಲಿ ಎರಡು ಅಪರಾಧ ಕಥೆಗಳು ಧಾರಾವಾಹಿಯಾಗಿ ಶುರುವಾದವು. ಜನವರಿಯಲ್ಲಿ, ಹುಡುಗರು ಓದುವ ವಾರಪತ್ರಿಕೆಯೊಂದರಲ್ಲಿ, ಗೋಶೋ ಅಯೋಯಾಮಾ ಅವರ ‘ಡಿಟೆಕ್ಟಿವ್ ಕಾನನ್’. ಡಿಸೆಂಬರಿನಲ್ಲಿ, ದೊಡ್ಡವರ ‘ಬಿಗ್ ಕಾಮಿಕ್ ಒರಿಜಿನಲ್’ನಲ್ಲಿ, ನಾವೋಕಿ ಉರಾಸಾವಾ ಅವರ ‘ಮಾನ್‌ಸ್ಟರ್’. ಕಾನನ್ ಕಥೆಯಲ್ಲಿ ಪ್ರತಿ ಪ್ರಕರಣಕ್ಕೂ ಒಂದು ಗುಟ್ಟು, ಗುಟ್ಟಿಗೊಂದು ಬೀಗದ ಕೈ; ಚುರುಕು ಬುದ್ಧಿಯ ಹುಡುಗ ಕೊನೆಗೆ ಅಪರಾಧಿ ಯಾರೆಂದು ತೋರಿಸಿಯೇ ತೀರುತ್ತಾನೆ. ‘ಮಾನ್‌ಸ್ಟರ್’ 2001ರ ಡಿಸೆಂಬರಿನವರೆಗೆ, 162 ಅಧ್ಯಾಯ, 18 ಸಂಪುಟಗಳಷ್ಟು ಬೆಳೆಯಿತು. ಅದರಲ್ಲಿ ಎಲ್ಲರಿಗಿಂತ ಸಮರ್ಥನಾದ ಪೊಲೀಸ್ ಅಧಿಕಾರಿ ಕಥೆಯ ಬಹುಪಾಲು ತಪ್ಪು ಮನುಷ್ಯನ ಬೆನ್ನು ಹತ್ತಿರುತ್ತಾನೆ. ಹೈನ್ರಿಖ್ ಲುಂಗೆ ಅವನ ಹೆಸರು. ಮಿತಭಾಷಿ, ಮುಖದಲ್ಲಿ ಭಾವದ ಸುಳಿವಿಲ್ಲ, ದನಿ ಏರಿಸುವುದು ಅಪರೂಪ. ಓದುಗರು ಅವನನ್ನು ಸಾಮಾನ್ಯವಾಗಿ ನಾಯಕನ ದಾರಿಗೆ ಅಡ್ಡ ಬರುವ ಹಟಮಾರಿ ಎಂದು ನೋಡುತ್ತಾರೆ. ಕೊನೆಗೆ ಮನಸ್ಸು ಬದಲಾಯಿಸಿದ ಪುಣ್ಯಾತ್ಮ ಎಂದು ಕ್ಷಮಿಸುತ್ತಾರೆ. ಈ ಉಪನ್ಯಾಸದ ವಾದ ಬೇರೆ. ಒಂದು ಪ್ರಭುತ್ವ ತನ್ನ ಪ್ರಜೆಯನ್ನು ಹೇಗೆ ‘ತಿಳಿದುಕೊಳ್ಳುತ್ತದೆ’ ಎಂಬ ಪ್ರಶ್ನೆಯನ್ನು ಉರಾಸಾವಾ ಈ ಪೋಷಕ ಪಾತ್ರದ ಹೆಗಲಿಗೆ ಹಾಕಿದ್ದಾರೆ. ಲುಂಗೆ ತಪ್ಪಿದ್ದು ಅವನ ವಿಧಾನ ಕೈಕೊಟ್ಟದ್ದರಿಂದಲ್ಲ, ಆ ವಿಧಾನವನ್ನು ಅವನು ಚಾಚೂ ತಪ್ಪದೆ ಪಾಲಿಸಿದ್ದರಿಂದ.

ಕಥೆಯನ್ನು ಓದದವರಿಗಾಗಿ ಎರಡು ಮಾತು. 1986, ಪಶ್ಚಿಮ ಜರ್ಮನಿಯ ಡ್ಯೂಸೆಲ್ಡಾರ್ಫ್ ನಗರ. ಐಸ್ಲರ್ ಸ್ಮಾರಕ ಆಸ್ಪತ್ರೆಯಲ್ಲಿ ಜಪಾನಿನಿಂದ ಬಂದ ಯುವ ಮೆದುಳು ಶಸ್ತ್ರಚಿಕಿತ್ಸಕ ಕೆನ್‌ಝೋ ತೆನ್ಮಾ. ಮೇಲಿನವರ ಆದೇಶ ಮೀರಿ, ನಗರದ ಮೇಯರನ್ನು ಬಿಟ್ಟು, ಮೊದಲು ಬಂದ ರೋಗಿ ಎಂಬ ಕಾರಣಕ್ಕೆ ತಲೆಗೆ ಗುಂಡು ಬಿದ್ದಿದ್ದ ಒಬ್ಬ ಹುಡುಗನಿಗೆ ಶಸ್ತ್ರಚಿಕಿತ್ಸೆ ಮಾಡುತ್ತಾನೆ. ಹುಡುಗ ಬದುಕುತ್ತಾನೆ, ಮೇಯರ್ ಸಾಯುತ್ತಾರೆ, ತೆನ್ಮಾನ ಬಡ್ತಿ ಕೈತಪ್ಪುತ್ತದೆ. ಸ್ವಲ್ಪ ದಿನದಲ್ಲೇ ಅವನನ್ನು ಮೂಲೆಗೆ ತಳ್ಳಿದ ನಿರ್ದೇಶಕನೂ ಇನ್ನಿಬ್ಬರು ವೈದ್ಯರೂ ವಿಷ ತಾಗಿ ಸಾಯುತ್ತಾರೆ. ಹುಡುಗ ಯೋಹಾನನೂ ಅವನ ಅವಳಿ ತಂಗಿಯೂ ಆಸ್ಪತ್ರೆಯಿಂದ ಕಾಣೆಯಾಗುತ್ತಾರೆ. ಒಂಬತ್ತು ವರ್ಷ ಕಳೆದ ಮೇಲೆ ಆ ಯೋಹಾನನೇ ಸರಣಿ ಕೊಲೆಗಾರನೆಂದು ತೆನ್ಮಾನಿಗೆ ಗೊತ್ತಾಗುತ್ತದೆ. ಅಷ್ಟರಲ್ಲಿ ಲುಂಗೆಯ ಕಣ್ಣಿಗೆ ಕೊಲೆಗಾರ ತೆನ್ಮಾನೇ. ವೈದ್ಯ ತಲೆಮರೆಸಿಕೊಂಡು ಯೋಹಾನನನ್ನು ಹುಡುಕುತ್ತಾ ಹೊರಡುತ್ತಾನೆ, ಪೊಲೀಸು ಅವನ ಬೆನ್ನಿಗೆ.

ಇಲ್ಲಿ ಓದುಗ ಒಂದು ಪ್ರಯೋಗ ಮಾಡಿ ನೋಡಬೇಕು. ಯೋಹಾನ್ ತನ್ನ ಬಾಯಿಂದಲೇ ತಪ್ಪೊಪ್ಪಿಕೊಳ್ಳುವ ಆ ರಾತ್ರಿಯ ದೃಶ್ಯವನ್ನು ಕಣ್ಣಿಂದ ಮರೆಮಾಡಿ, ಲುಂಗೆಯ ಕೈಗೆ ಸಿಕ್ಕಿದ ಕಡತವನ್ನಷ್ಟೇ ಓದಬೇಕು. ಸತ್ತ ಮೂವರೂ ತೆನ್ಮಾನ ಏಳಿಗೆಗೆ ಅಡ್ಡವಾಗಿದ್ದವರು. ಅವರ ಸಾವಿನಿಂದ ಲಾಭವಾದದ್ದು ಅವನಿಗೇ; ಶಸ್ತ್ರಚಿಕಿತ್ಸಾ ವಿಭಾಗದ ಮುಖ್ಯಸ್ಥನಾದ. ವಿಷ, ಔಷಧಿ ವೈದ್ಯನ ಕೈಗೆ ಸುಲಭವಾಗಿ ಎಟುಕುವ ವಸ್ತು. ಒಂಬತ್ತು ವರ್ಷದ ಬಳಿಕ ಇನ್ನೊಂದು ಕೊಲೆಯಾದಾಗ ಸತ್ತವನು ತೆನ್ಮಾನ ರೋಗಿಯೇ, ಸ್ಥಳದಲ್ಲಿದ್ದವನೂ ತೆನ್ಮಾ. ಹೈಡೆಲ್‌ಬರ್ಗ್‌ನಲ್ಲಿ ಕೊಲೆ ನಡೆದಾಗಲೂ ಅವನು ಅಲ್ಲಿದ್ದಾನೆ. ಇನ್ನು ಯೋಹಾನ್? ಅವನ ಒಂದು ಭಾವಚಿತ್ರವಿಲ್ಲ, ಬೆರಳಚ್ಚು ಇಲ್ಲ, ಶಾಲೆಯ ದಾಖಲೆಯಿಲ್ಲ. ಅವನನ್ನು ಕಂಡವರು ಉಳಿಯುವುದಿಲ್ಲ. ಹಾಗಾಗಿ ಯೋಹಾನ್ ಎಂಬವನು ಇಲ್ಲವೇ ಇಲ್ಲ, ಅವನು ತೆನ್ಮಾನ ಒಡೆದ ಮನಸ್ಸಿನ ಇನ್ನೊಂದು ಅರ್ಧ ಎಂದು ಲುಂಗೆ ತೀರ್ಮಾನಿಸುತ್ತಾನೆ. ಅತಿರೇಕದ ತೀರ್ಮಾನವೆಂದು ನಗು ಬರಬಹುದು. ಆದರೆ ಕಡತ ಒಪ್ಪಿಸುವ ತೀರ್ಮಾನ ಅದೇ. ತೆನ್ಮಾ ನಿರಪರಾಧಿ ಎಂದು ನಮಗೆ ಗೊತ್ತಿರುವುದು ನಾವು ಲುಂಗೆಗಿಂತ ಜಾಣರಾದ್ದರಿಂದಲ್ಲ; ಉರಾಸಾವಾ ನಮ್ಮನ್ನು ಆ ರಾತ್ರಿ ಅಲ್ಲಿ ನಿಲ್ಲಿಸಿದ್ದರಿಂದ. ಪತ್ತೇದಾರಿ ಸಾಹಿತ್ಯದಲ್ಲಿ ಸಾಮಾನ್ಯವಾಗಿ ದಡ್ಡ ಪೊಲೀಸು ತಪ್ಪು ಹಾದಿ ಹಿಡಿಯುತ್ತಾನೆ, ಜಾಣ ಪತ್ತೇದಾರ ತಿದ್ದುತ್ತಾನೆ. ಆ ಹಳೆಯ ಅನುಕೂಲವನ್ನು ಇಲ್ಲಿ ಲೇಖಕರು ತಾವಾಗಿ ಬಿಟ್ಟುಕೊಟ್ಟಿದ್ದಾರೆ.

ಲುಂಗೆಯ ನೆನಪಿನ ಬಗೆಗೆ ಬರೋಣ, ಪಾತ್ರದ ತಿರುಳು ಇರುವುದು ಅಲ್ಲಿ. ಸಾಕ್ಷಿ ಮಾತಾಡುವಾಗ ಲುಂಗೆ ಟಿಪ್ಪಣಿ ಬರೆದುಕೊಳ್ಳುವುದಿಲ್ಲ. ಅವನ ಬಲಗೈ ಬೆರಳುಗಳು ಗಾಳಿಯಲ್ಲಿ, ಕಾಣದ ಕೀಲಿಮಣೆಯ ಮೇಲೆ ಆಡುತ್ತವೆ. ಕೇಳಿದ್ದು, ಕಂಡದ್ದು ಎಲ್ಲ ಒಳಗೆ ಅಚ್ಚಾಗುತ್ತದೆ. ಬೇಕಾದಾಗ ಮತ್ತೆ ಬೆರಳಾಡಿಸಿದರೆ ಹಾಗೆಯೇ ಹೊರಬರುತ್ತದೆ. ಉರಾಸಾವಾ ಇದನ್ನು ಬಿಡಿಸುವ ರೀತಿ ಗಮನಾರ್ಹ. ಮುಖದ ಚೌಕಟ್ಟಿನಲ್ಲಿ ಏನೂ ಕದಲುವುದಿಲ್ಲ: ಒಳಸೇರಿದ ಕೆನ್ನೆ, ನೇರ ಹುಬ್ಬು, ಎದುರಿನವರನ್ನು ದಾಟಿ ಎಲ್ಲೋ ನೆಟ್ಟ ನೋಟ. ಕದಲುವುದು ಬೇರೆ ಚೌಕಟ್ಟಿನಲ್ಲಿರುವ ಕೈ ಮಾತ್ರ. ಮನುಷ್ಯನ ಮುಖಕ್ಕೂ ಅವನ ಬುದ್ಧಿಗೂ ನಡುವೆ ಕಾಗದದ ಮೇಲೇ ಒಂದು ಗೆರೆ ಎಳೆದಂತೆ. ಮೊದಲ ಸಲ ಓದಿದವರಿಗೆ ಇದು ವಿಚಿತ್ರ ಚಾಳಿಯಾಗಿ ಮೋಜು ಕೊಡುತ್ತದೆ. ಆದರೆ ಲುಂಗೆ ಯಾವ ಇಲಾಖೆಯವನು ಎಂಬುದನ್ನು ನೆನಪಿಸಿಕೊಂಡರೆ ಮೋಜು ಕಡಿಮೆಯಾಗುತ್ತದೆ. ಅವನು ಡ್ಯೂಸೆಲ್ಡಾರ್ಫ್ ಠಾಣೆಯವನಲ್ಲ. ವೀಸ್‌ಬಾಡೆನ್ ನಗರದಲ್ಲಿ ಮುಖ್ಯ ಕಚೇರಿ ಇರುವ, 1951ರಲ್ಲಿ ಸ್ಥಾಪನೆಯಾದ ಫೆಡರಲ್ ಅಪರಾಧ ತನಿಖಾ ಇಲಾಖೆಯವನು.

1971ರಿಂದ 1981ರವರೆಗೆ ಆ ಇಲಾಖೆಯ ಅಧ್ಯಕ್ಷರಾಗಿದ್ದವರು ಹೋರ್ಸ್ಟ್ ಹೆರೋಲ್ಡ್. ಅಪರಾಧ ತನಿಖೆಯನ್ನು ಗಣಕಯಂತ್ರಕ್ಕೆ ಒಪ್ಪಿಸಿದರೆ ಮನುಷ್ಯನ ಪೂರ್ವಗ್ರಹ, ಮರೆವು ಎರಡೂ ದೂರವಾಗುತ್ತವೆ ಎಂದು ನಂಬಿದ್ದವರು. 1972ರಲ್ಲಿ ದೇಶದ ಪೊಲೀಸರಿಗೆಲ್ಲ ಒಂದೇ ಮಾಹಿತಿ ಜಾಲ ಬಂತು. ಆಗ ಜರ್ಮನಿಯಲ್ಲಿ ರೆಡ್ ಆರ್ಮಿ ಫ್ಯಾಕ್ಷನ್ ಎಂಬ ಭಯೋತ್ಪಾದಕ ಗುಂಪು ಬಾಂಬು, ಅಪಹರಣಗಳಲ್ಲಿ ತೊಡಗಿತ್ತು. ಸುಳ್ಳು ಹೆಸರಿನಲ್ಲಿ ಮನೆ ಹಿಡಿಯುವವರು ವಿದ್ಯುತ್ ಬಿಲ್ಲನ್ನು ಬ್ಯಾಂಕಿನ ಮೂಲಕ ಕಟ್ಟದೆ ನಗದು ಕೊಡುತ್ತಾರೆ ಎಂಬ ಊಹೆಯಿಂದ, ಫ್ರಾಂಕ್‌ಫರ್ಟ್‌ನಲ್ಲಿ ಹಾಗೆ ಕಟ್ಟುವವರ ಪಟ್ಟಿಯನ್ನೆಲ್ಲ ಜಾಲಾಡಿದರು. 1979ರಲ್ಲಿ ಆ ಗುಂಪಿನ ಸದಸ್ಯನೊಬ್ಬ ಸಿಕ್ಕಿಬಿದ್ದದ್ದು ಹೀಗೆ. ಯಂತ್ರ ಗೆದ್ದಿತ್ತು. ಆದರೆ ಅದಕ್ಕೆ ಎರಡು ವರ್ಷ ಮೊದಲು, 1977ರ ಸೆಪ್ಟೆಂಬರಿನಲ್ಲಿ, ಉದ್ಯಮಿಗಳ ಸಂಘದ ಮುಖ್ಯಸ್ಥ ಹಾನ್ಸ್ ಮಾರ್ಟಿನ್ ಶ್ಲೈಯರ್ ಅವರನ್ನು ಅದೇ ಗುಂಪಿನವರು ಕಲೋನ್ ನಗರದಲ್ಲಿ ಅಪಹರಿಸಿದ್ದರು. ಹತ್ತಿರದ ಎರ್ಫ್ಟ್‌ಸ್ಟಾಟ್‌ನ ಬಹುಮಹಡಿ ಕಟ್ಟಡವೊಂದರ ಮೇಲೆ ಸ್ಥಳೀಯ ಪೊಲೀಸನೊಬ್ಬನಿಗೆ ಮೊದಲ ದಿನಗಳಲ್ಲೇ ಅನುಮಾನ ಬಂದು ವರದಿ ಕಳಿಸಿದ್ದ. ಶ್ಲೈಯರ್ ಅವರನ್ನು ಕೂಡಿಹಾಕಿದ್ದು ಅಲ್ಲೇ. ಕಡತಗಳ ರಾಶಿಯಲ್ಲಿ ಆ ವರದಿ ತಲುಪಬೇಕಾದವರಿಗೆ ತಲುಪಲಿಲ್ಲ. ಆರು ವಾರದ ಬಳಿಕ ಶ್ಲೈಯರ್ ಅವರ ಹೆಣ ಸಿಕ್ಕಿತು. ಇಲಾಖೆಗೆ ತಿಳಿದಿತ್ತು, ಆದರೆ ಯಾರಿಗೂ ಗೊತ್ತಿರಲಿಲ್ಲ. 1983ರ ಡಿಸೆಂಬರಿನಲ್ಲಿ, ಜನಗಣತಿಯ ಕುರಿತ ತೀರ್ಪಿನಲ್ಲಿ, ಅಲ್ಲಿನ ಸಂವಿಧಾನ ನ್ಯಾಯಾಲಯವು ತನ್ನ ಕುರಿತ ಮಾಹಿತಿಯ ಮೇಲೆ ಪ್ರಜೆಗೇ ಹಕ್ಕಿದೆ ಎಂದು ಸಾರಬೇಕಾಯಿತು. ಲುಂಗೆ ಡ್ಯೂಸೆಲ್ಡಾರ್ಫ್ ಆಸ್ಪತ್ರೆಗೆ ಕಾಲಿಡುವುದು ಅದಾದ ಮೂರು ವರ್ಷಕ್ಕೆ, ಆ ಗಣಕಯಂತ್ರವನ್ನೇ ತಲೆಯಲ್ಲಿ ಹೊತ್ತವನಂತೆ.

ಜಪಾನಿನಲ್ಲಿ ಕೂತು ಚಿತ್ರ ಬರೆದವರಿಗೆ ಹೆರೋಲ್ಡ್ ಯಾರೆಂದಾದರೂ ಗೊತ್ತಿತ್ತೆ, ಇದೆಲ್ಲ ಇಲ್ಲದ್ದನ್ನು ಪಠ್ಯಕ್ಕೆ ತುಂಬುವುದಲ್ಲವೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಉರಾಸಾವಾ ಆ ಇತಿಹಾಸವನ್ನು ಓದಿ ಪಾತ್ರ ಕಟ್ಟಿದರು ಎಂದು ನಾನು ಹೇಳುತ್ತಿಲ್ಲ. ನನ್ನ ವಾದಕ್ಕೆ ಅದರ ಅಗತ್ಯವೂ ಇಲ್ಲ. ಕೃತಿಯೊಳಗಿನ ಪುರಾವೆಯೇ ಸಾಕು. ‘ಮಾನ್‌ಸ್ಟರ್’ ಉದ್ದಕ್ಕೂ ಕಡತಗಳ ಕಥೆ. ಪೂರ್ವ ಜರ್ಮನಿಯ ‘ಕಿಂಡರ್‌ಹೈಮ್ 511’ ಎಂಬ ಅನಾಥಾಲಯದಲ್ಲಿ ಮಕ್ಕಳ ಹೆಸರು, ನೆನಪು, ಮಮತೆಗಳನ್ನು ಅಳಿಸಿ ಪ್ರಭುತ್ವಕ್ಕೆ ಬೇಕಾದ ಮನುಷ್ಯರನ್ನು ಎರಕ ಹೊಯ್ಯುವ ಪ್ರಯೋಗ ನಡೆದಿರುತ್ತದೆ. ಅಲ್ಲಿ ಬಾಲಕ ಯೋಹಾನನನ್ನು ಪ್ರಶ್ನಿಸಿದ ಧ್ವನಿಮುದ್ರಿಕೆಗಾಗಿ ಪ್ರಾಗ್‌ನಲ್ಲಿ ಕೊಲೆಗಳಾಗುತ್ತವೆ. ಜೆಕೊಸ್ಲೊವಾಕಿಯಾದ ರಹಸ್ಯ ಪೊಲೀಸರ ಹಳೆಯ ಕಾಗದಗಳು ಮತ್ತೆ ಮತ್ತೆ ಮೇಲೇಳುತ್ತವೆ. ಬರ್ಲಿನ್ ಗೋಡೆ ಬಿದ್ದ ಮೇಲಿನ ಯುರೋಪಿನಲ್ಲಿ ಯಾರ ಬಳಿ ಯಾರ ದಾಖಲೆ ಇದೆ ಎಂಬುದೇ ಕಥೆಯ ಇಂಧನ. ಅಂಥ ಲೋಕದಲ್ಲಿ ಬೆರಳ ತುದಿಯಲ್ಲಿ ದಾಖಲೆ ಹೊತ್ತು ತಿರುಗುವ ಅಧಿಕಾರಿಯನ್ನು ಬರಿಯ ಚಮತ್ಕಾರಕ್ಕೆ ತಂದಿದ್ದಾರೆಂದು ನಂಬುವುದೇ ಹೆಚ್ಚು ಕಷ್ಟ. ಪೂರ್ವದ ಪ್ರಭುತ್ವ ಮಕ್ಕಳ ತಲೆಗಳನ್ನು ಬರಿದು ಮಾಡಿತು. ಪಶ್ಚಿಮದ ಈ ಅಧಿಕಾರಿ ತನ್ನನ್ನು ತಾನೇ ಬರಿದು ಮಾಡಿಕೊಂಡ. ಈ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಒಂದು ದೌರ್ಜನ್ಯ, ಇನ್ನೊಂದು ವೃತ್ತಿನಿಷ್ಠೆ. ಆದರೆ ಎರಡರ ಫಲ ಎಷ್ಟು ಹತ್ತಿರ ಬರುತ್ತದೆ ಎಂಬುದನ್ನು ಕಥೆ ತೋರಿಸದೆ ಬಿಡುವುದಿಲ್ಲ.

ಮನೆಯ ದೃಶ್ಯಗಳನ್ನು ನೋಡಿ. ಸಾಕ್ಷಿಯೊಬ್ಬ ಎಂದೋ ಆಡಿದ ಮಾತನ್ನು ಅಕ್ಷರ ಬಿಡದೆ ಹೇಳಬಲ್ಲ ಲುಂಗೆಗೆ ತನ್ನ ಮಗಳು ಬಸುರಿ ಎಂಬುದು ಗೊತ್ತಿರಲಿಲ್ಲ. ಹೆಂಡತಿ, ಮಗಳು ಮನೆ ಬಿಟ್ಟು ಹೋಗುತ್ತಾರೆ. ಅವನು ಮತ್ತೆ ಕಡತಕ್ಕೆ ಮರಳುತ್ತಾನೆ. ಕೆಲಸದಲ್ಲೇ ಮುಳುಗಿದ ಗಂಡ, ಒಡೆದ ಸಂಸಾರ: ಇದು ಪೊಲೀಸ್ ಕಥೆಗಳ ಸವಕಲು ಸರಕು ಎಂದು ಒಪ್ಪಿಕೊಳ್ಳೋಣ. ಸರಕು ಹಳೆಯದಾದರೂ ಇಲ್ಲಿ ಅದಕ್ಕೆ ಕೊಟ್ಟ ಕೆಲಸ ಹೊಸದು. ಲುಂಗೆ ಅಪರಾಧ ಬಿಡಿಸುವುದು ಅಪರಾಧಿಯ ಒಳಹೊಕ್ಕು. ಕೊಲೆಯಾದ ಜಾಗದಲ್ಲಿ ನಿಂತು, ತಾನೇ ಆ ಮನುಷ್ಯ ಎಂದುಕೊಂಡು, ಅವನ ಕಣ್ಣಿನಿಂದ ಕೋಣೆಯನ್ನು ನೋಡುತ್ತಾನೆ. ಹೀಗೆ ಇನ್ನೊಬ್ಬನೊಳಗೆ ಹೋಗಬೇಕಾದವನಿಗೆ ತನ್ನದೊಂದು ಒಳಗು ಇರಬೇಕಲ್ಲ? ತನ್ನ ಭಯ, ತನ್ನ ಮಮತೆ, ತನ್ನ ನಾಚಿಕೆಗಳ ಅಳತೆಗೋಲಿಲ್ಲದೆ ಎದುರಿನವನ ಮನಸ್ಸನ್ನು ಅಳೆಯುವುದು ಹೇಗೆ? ಲುಂಗೆ ತೆನ್ಮಾನಾಗಿ ನಿಂತಾಗ ಅವನಿಗೆ ಕಾಣುವುದು ಬಡ್ತಿ, ಪ್ರತೀಕಾರ, ಅವಕಾಶ. ಇವೆಲ್ಲ ಕಡತದಲ್ಲಿ ದಾಖಲಾಗುವ ಉದ್ದೇಶಗಳು. ತಾನು ಬದುಕಿಸಿದ ಜೀವ ಇತರರನ್ನು ಕೊಲ್ಲುತ್ತಿದೆ ಎಂಬ ಹೊಣೆಯ ಭಾರಕ್ಕೆ ಒಬ್ಬ ವೈದ್ಯ ಕೆಲಸ, ಹೆಸರು, ಮನೆ ಬಿಟ್ಟು ಬೀದಿಗಿಳಿಯಬಹುದು ಎಂಬುದಕ್ಕೆ ಅವನ ನಮೂನೆಯಲ್ಲಿ ಕಲಮಿಲ್ಲ. ಮನೆಯವರು ಬಿಟ್ಟುಹೋದ ದೃಶ್ಯ ಅವನ ಬಗ್ಗೆ ಕನಿಕರ ಹುಟ್ಟಿಸಲು ಬಂದಿಲ್ಲ. ತನಿಖೆ ಎಲ್ಲಿ ಹಳ್ಳ ಹಿಡಿಯಿತು ಎಂದು ತೋರಿಸಲು ಬಂದಿದೆ.

ಇದೇ ಮಾತಿಗೆ ಕೃತಿಯೇ ಒಂದು ಎದುರು ಉದಾಹರಣೆ ಕೊಡುತ್ತದೆ. ಅಪರಾಧ ಮನೋವಿಜ್ಞಾನಿ ರೂಡಿ ಗಿಲ್ಲೆನ್ ತೆನ್ಮಾನ ಹಳೆಯ ಸಹಪಾಠಿ. ಅವನೂ ಮೊದಲು ತೆನ್ಮಾನನ್ನು ನಂಬುವುದಿಲ್ಲ, ಪೊಲೀಸರ ಪಕ್ಷವನ್ನೇ ಹಿಡಿಯುತ್ತಾನೆ. ಆದರೆ ಸರಣಿ ಕೊಲೆಗಾರ ಯೂರ್ಗೆನ್ಸ್ ಜತೆಗಿನ ಸಂದರ್ಶನ ಅವನನ್ನು ತಿರುಗಿಸುತ್ತದೆ; ಎದುರು ಕೂತವನ ಮಾತಿನ ಹಿಂದೆ ಯೋಹಾನನ ನೆರಳು ಅವನಿಗೆ ಕಾಣುತ್ತದೆ. ಗಿಲ್ಲೆನ್ ಬಳಿ ಲುಂಗೆಗಿಂತ ಹೆಚ್ಚು ಪುರಾವೆ ಇರಲಿಲ್ಲ. ಅವನಿಗಿದ್ದದ್ದು ತನ್ನ ವಿದ್ಯಾರ್ಥಿ ದಿನಗಳ ಮಾತ್ಸರ್ಯದ ನೆನಪು, ತೆನ್ಮಾನ ಮೇಲಿನ ಅಸಮಾಧಾನ, ತಾನು ತಪ್ಪಿರಬಹುದು ಎಂಬ ಸಣ್ಣ ಅಳುಕು. ಅಳುಕಿದವನು ನಿಜಕ್ಕೆ ಹತ್ತಿರ ಹೋದ.

ಈಗ ಬಲವಾದ ಆಕ್ಷೇಪ. ಲುಂಗೆ ಸ್ವಂತ ಸೃಷ್ಟಿಯೇ ಅಲ್ಲ, ಅಮೆರಿಕದ ದೂರದರ್ಶನ ಸರಣಿ ‘ದಿ ಫ್ಯುಗಿಟಿವ್’ನಿಂದ ಎತ್ತಿದ ಪಾತ್ರ ಎನ್ನುವವರಿದ್ದಾರೆ. ‘ಮಾನ್‌ಸ್ಟರ್’ಗೆ ಆ ಸರಣಿಯ ಋಣ ಇದೆ, ಅದರಲ್ಲಿ ಮುಚ್ಚುಮರೆಯಿಲ್ಲ. 1963ರಿಂದ 1967ರವರೆಗೆ 120 ಕಂತುಗಳಲ್ಲಿ ಬಂದ ಆ ಕಥೆಯಲ್ಲೂ ಮಾಡದ ಕೊಲೆಗೆ ಸಿಕ್ಕಿಬಿದ್ದ ವೈದ್ಯ ರಿಚರ್ಡ್ ಕಿಂಬಲ್ ಓಡುತ್ತಾನೆ, ಪೊಲೀಸ್ ಅಧಿಕಾರಿ ಗೆರಾರ್ಡ್ ಅಟ್ಟುತ್ತಾನೆ. ಇನ್ನೂ ಹಿಂದೆ ಹೋದರೆ, 1862ರ ‘ಲೆ ಮಿಸೆರಾಬ್ಲ್’ ಕಾದಂಬರಿಯ ಪೊಲೀಸ್ ಅಧಿಕಾರಿ ಝಾವೆರ್ ಇದ್ದಾನೆ. ಹಾಗಾದರೆ ಮೂವರ ಕೊನೆಯನ್ನು ಪಕ್ಕಪಕ್ಕ ಇಟ್ಟು ನೋಡೋಣ. ತಾನು ಬೆನ್ನಟ್ಟಿದವನೇ ತನಗೆ ಜೀವದಾನ ಮಾಡಿದಾಗ ಝಾವೆರ್‌ನ ಲೋಕ ಕುಸಿಯುತ್ತದೆ. ತಪ್ಪಿನೊಂದಿಗೆ ಬದುಕಲಾರದೆ ಸೇನ್ ನದಿಗೆ ಹಾರುತ್ತಾನೆ. ಗೆರಾರ್ಡ್ ನಿಜ ತಿಳಿದ ಮೇಲೆ ಕೊನೆಯ ಕಂತಿನಲ್ಲಿ ಕಿಂಬಲ್‌ನ ಕೈ ಕುಲುಕುತ್ತಾನೆ. ಇಬ್ಬರೂ ಗಂಡಸರು ಸಮಾನರಾಗಿ ಬೀಳ್ಕೊಳ್ಳುತ್ತಾರೆ, ಲೆಕ್ಕ ಚುಕ್ತಾ. ಲುಂಗೆ ಇವೆರಡನ್ನೂ ಮಾಡುವುದಿಲ್ಲ. ಇಲಾಖೆ ಅವನನ್ನು ಬದಿಗೆ ಸರಿಸಿದೆ. ರಜೆಯ ಮೇಲಿದ್ದೇನೆ ಎನ್ನುತ್ತಾ ತನ್ನದೇ ಖರ್ಚಿನಲ್ಲಿ ಪ್ರಾಗ್‌ಗೆ ಹೋಗಿ, ‘ಕೆಂಪು ಗುಲಾಬಿ ಮಹಲು’ ಎಂಬ ಮನೆಯ ಮುಚ್ಚಿದ ಕೋಣೆಯೊಳಗೆ ಅವಳಿಗಳ ತಾಯಿಯ ಚಿತ್ರಪಟವನ್ನು ಕಾಣುತ್ತಾನೆ. ತಾನು ಇಲ್ಲವೆಂದವನು ಇದ್ದಾನೆ ಎಂಬ ಜಾಡು ಹಿಡಿದು ದಕ್ಷಿಣ ಜರ್ಮನಿಯ ರೂಹೆನ್‌ಹೈಮ್ ಎಂಬ ಪುಟ್ಟ ಊರಿಗೆ ಬರುತ್ತಾನೆ. ಅಲ್ಲಿ ಯೋಹಾನನ ಸಂಚಿನಿಂದ ಊರ ಜನ ಒಬ್ಬರನ್ನೊಬ್ಬರು ಕೊಲ್ಲುತ್ತಿರುವ ಹೊತ್ತಿನಲ್ಲಿ ತೆನ್ಮಾನಿಗೆ ಎದುರಾದಾಗ, ತಪ್ಪಾಯಿತು ಎಂದು ಕ್ಷಮೆ ಕೇಳುತ್ತಾನೆ. ಸಾಯುವುದಿಲ್ಲ, ಕೈಯನ್ನೂ ಕುಲುಕುವುದಿಲ್ಲ. ಕೇಳಿ, ಮುಂದಿನ ಕೆಲಸಕ್ಕೆ ಹೋಗುತ್ತಾನೆ. ಮಾದರಿಯನ್ನು ಎರವಲು ಪಡೆದ ಲೇಖಕ ಅದರ ಕೊನೆಯನ್ನು ಬದಲಿಸಿದ ಕಡೆಯಲ್ಲೇ ಅವನ ಸ್ವಂತಿಕೆಯನ್ನು ಹುಡುಕಬೇಕು.

ಒಂದು ಕ್ಷಮೆಯ ಮಾತಿಗೆ ಇಷ್ಟು ತೂಕ ಕೊಡಬೇಕೆ? ಹದಿನೆಂಟು ಸಂಪುಟದ ತಪ್ಪಿಗೆ ಒಂದು ವಾಕ್ಯದ ಪರಿಹಾರ ಅಗ್ಗವಲ್ಲವೆ? ಈ ಆಕ್ಷೇಪಕ್ಕೆ ಉತ್ತರ ಕಥೆ ಹುಟ್ಟಿದ ಜಪಾನಿನಲ್ಲೇ ಇದೆ. ಅಲ್ಲಿ ವಿಚಾರಣೆಗೆ ಬಂದ ಕ್ರಿಮಿನಲ್ ಪ್ರಕರಣಗಳಲ್ಲಿ ಶೇ. 99ಕ್ಕಿಂತ ಹೆಚ್ಚಿನವು ಶಿಕ್ಷೆಯಲ್ಲೇ ಮುಗಿಯುತ್ತವೆ. ಅಂದರೆ ಪೊಲೀಸರೂ ಸರಕಾರಿ ವಕೀಲರೂ ಒಮ್ಮೆ ತೀರ್ಮಾನಿಸಿದ ಮೇಲೆ ತಪ್ಪಿಗೆ ಅಲ್ಲಿ ಜಾಗ ಬಹಳ ಇಕ್ಕಟ್ಟು. 1983ರಿಂದ 1989ರ ನಡುವೆ ಮರಣದಂಡನೆಗೆ ಗುರಿಯಾಗಿದ್ದ ನಾಲ್ವರು ಮರುವಿಚಾರಣೆಯಲ್ಲಿ ನಿರಪರಾಧಿಗಳೆಂದು ಬಿಡುಗಡೆಯಾದರು. ‘ಮಾನ್‌ಸ್ಟರ್’ ಶುರುವಾಗುವ ಆರು ತಿಂಗಳ ಮುಂಚೆ, 1994ರ ಜೂನ್‌ನಲ್ಲಿ, ಮತ್ಸುಮೋಟೋ ನಗರದಲ್ಲಿ ವಿಷಾನಿಲ ಹರಡಿ ಜನ ಸತ್ತರು. ಮೊದಲು ಸಹಾಯಕ್ಕೆ ಕರೆ ಮಾಡಿದ, ಸ್ವತಃ ಹೆಂಡತಿಯನ್ನು ಪ್ರಜ್ಞಾಹೀನ ಸ್ಥಿತಿಯಲ್ಲಿ ಕಂಡ ಮನುಷ್ಯನನ್ನೇ ಪೊಲೀಸರೂ ಪತ್ರಿಕೆಗಳೂ ತಿಂಗಳುಗಟ್ಟಲೆ ಅಪರಾಧಿಯಂತೆ ಕಂಡರು. ಅವನ ಮನೆಯಲ್ಲಿ ರಾಸಾಯನಿಕಗಳಿದ್ದವು, ಕಡತ ಸರಿಹೊಂದುತ್ತಿತ್ತು. 1995ರ ಮಾರ್ಚ್ 20ರಂದು ಟೋಕಿಯೋ ಸುರಂಗ ರೈಲಿನಲ್ಲಿ ಅದೇ ಸಾರಿನ್ ಅನಿಲ ಬಿಟ್ಟ ಮೇಲೆ, ಅದು ಓಮ್ ಶಿನ್‌ರಿಕ್ಯೋ ಪಂಥದ ಕೆಲಸ ಎಂದು ಬಯಲಾಯಿತು. ಇನ್ನೂ ದೀರ್ಘವಾದದ್ದು ಇವಾವೊ ಹಕಮಾಡಾ ಅವರ ಪ್ರಕರಣ. 1966ರಲ್ಲಿ ಬಂಧನ, 1968ರಲ್ಲಿ ಮರಣದಂಡನೆ, 2014ರಲ್ಲಿ ಬಿಡುಗಡೆ, 2024ರ ಸೆಪ್ಟೆಂಬರಿನಲ್ಲಿ, 88ನೆಯ ವಯಸ್ಸಿನಲ್ಲಿ, ನಿರಪರಾಧಿ ಎಂಬ ತೀರ್ಪು. ಮರು ತಿಂಗಳು ಶಿಝುವೋಕಾ ಪೊಲೀಸ್ ಮುಖ್ಯಸ್ಥರು ಅವರ ಮನೆಗೆ ಹೋಗಿ ತಲೆಬಾಗಿ ಕ್ಷಮೆ ಕೇಳಿದರು. ಬಂಧನದಿಂದ ಆ ಕ್ಷಮೆಯವರೆಗೆ 58 ವರ್ಷ. ಸಂಸ್ಥೆಗಳಿಗೆ ಆ ಒಂದು ವಾಕ್ಯ ಎಷ್ಟು ದುಬಾರಿ ಎಂದು ಇದಕ್ಕಿಂತ ಸ್ಪಷ್ಟವಾಗಿ ಯಾವ ವಿಮರ್ಶಕನೂ ಹೇಳಲಾರ.

ಮಾರ್ಪಾಟು ಹಠಾತ್ತಾಗಿ ಆಯಿತು ಎಂಬ ದೂರು ಉಳಿಯುತ್ತದೆ. ಅದರಲ್ಲಿ ಸ್ವಲ್ಪ ಹುರುಳಿದೆ. ಲುಂಗೆಯ ಮನಸ್ಸು ತಿರುಗುವುದನ್ನು ಉರಾಸಾವಾ ಒಳಗಿನಿಂದ ತೋರಿಸುವುದಿಲ್ಲ. ಕಥೆ ಬೇರೆಯವರ ಬೆನ್ನು ಹತ್ತಿದ್ದಾಗ ಅವನು ಮರೆಯಾಗಿದ್ದು, ಮತ್ತೆ ಬರುವ ಹೊತ್ತಿಗೆ ಬೇರೆಯವನಾಗಿರುತ್ತಾನೆ. ನೂರಾರು ಪುಟಗಳನ್ನು ಉಪಕಥೆಗಳಿಗೆ ಧಾರಾಳವಾಗಿ ಕೊಟ್ಟ ಲೇಖಕ ಇಲ್ಲಿ ಜಿಪುಣನಾದದ್ದು ನಿಜ. ಆದರೂ ಒಂದು ಸಿದ್ಧತೆ ಇದೆ, ಅದು ಗ್ರಿಮ್ಮರ್ ಎಂಬ ಪಾತ್ರದಲ್ಲಿ. ಕಿಂಡರ್‌ಹೈಮ್ 511ರಲ್ಲಿ ಬೆಳೆದ ಗ್ರಿಮ್ಮರ್‌ಗೆ ನಗುವುದನ್ನು ದೊಡ್ಡವನಾದ ಮೇಲೆ ಅಭ್ಯಾಸ ಮಾಡಿ ಕಲಿಯಬೇಕಾಯಿತು. ಸ್ವಂತ ಮಗ ಸತ್ತಾಗಲೂ ದುಃಖ ಬರಲಿಲ್ಲ. ರೂಹೆನ್‌ಹೈಮ್‌ನಲ್ಲಿ ಅವನೂ ಲುಂಗೆಯೂ ಒಂದೇ ಕಡೆ ಸೇರುವುದು ಕಾಕತಾಳೀಯವಲ್ಲ. ಬಲವಂತದಿಂದ ಬರಿದಾದವನು ಸಾಯುವ ಮುನ್ನ ತನ್ನ ಅಳುವನ್ನು ಮರಳಿ ಪಡೆಯುತ್ತಾನೆ. ತಾನಾಗಿ ಬರಿದಾದವನು ಬದುಕುಳಿಯುತ್ತಾನೆ. ಮುಂದೆ ಪೊಲೀಸರಿಗೆ ಪಾಠ ಹೇಳುವ ಕೆಲಸಕ್ಕೆ ಸೇರಿ, ದೂರವಾದ ಮಗಳೊಡನೆ ಸಂಬಂಧ ಕೂಡಿಸಿಕೊಳ್ಳಲು ಹೆಣಗುತ್ತಾನೆ. ಇಬ್ಬರನ್ನೂ ಜೋಡಿಯಾಗಿ ಓದಿದರೆ ಲುಂಗೆಯ ಬದಲಾವಣೆಗೆ ಬೇಕಾದ ಭಾವದ ಕೆಲಸವನ್ನು ಅರ್ಧ ಗ್ರಿಮ್ಮರ್ ಮಾಡಿಕೊಟ್ಟಿರುವುದು ಕಾಣುತ್ತದೆ. ಹಠಾತ್ತು ಎನಿಸುವುದು ಲುಂಗೆಯ ಪುಟಗಳನ್ನು ಬಿಡಿಯಾಗಿ ಓದಿದಾಗ.

ಈ ಕೃತಿಗೆ 1999ರಲ್ಲಿ ತೆಝುಕಾ ಒಸಾಮು ಸಾಂಸ್ಕೃತಿಕ ಪ್ರಶಸ್ತಿಯ ಅಗ್ರ ಬಹುಮಾನ ಬಂದಿದೆ. 2004–05ರಲ್ಲಿ 74 ಕಂತುಗಳ ಅನಿಮೆ ಸರಣಿಯಾಗಿಯೂ ಪ್ರಸಾರವಾಯಿತು. ಅದರ ಬಗ್ಗೆ ಬರೆದವರು ಹೆಚ್ಚಾಗಿ ಯೋಹಾನನ ಕೆಡುಕಿನ ಸುತ್ತ, ಎಲ್ಲ ಜೀವಗಳೂ ಸಮಾನವೇ ಎಂಬ ತೆನ್ಮಾನ ಪ್ರಶ್ನೆಯ ಸುತ್ತ ಬರೆದಿದ್ದಾರೆ. ಯೋಹಾನ್ ನನಗೆ ಅಷ್ಟು ಮುಖ್ಯನಾಗಿ ಕಾಣುವುದಿಲ್ಲ. ಅಂಥ ಸರ್ವಶಕ್ತ ಕೇಡಿ ಕಥೆಗಳಲ್ಲಷ್ಟೇ ಇರುತ್ತಾನೆ. ಪ್ರಾಮಾಣಿಕನೂ ಬುದ್ಧಿವಂತನೂ ಆಗಿದ್ದು, ಸರಿಯಾದ ಕಾಗದಗಳನ್ನೇ ಇಟ್ಟುಕೊಂಡು ತಪ್ಪು ಮನುಷ್ಯನನ್ನು ಅಟ್ಟುವ ಅಧಿಕಾರಿ ಎಲ್ಲ ದೇಶಗಳ ಕಚೇರಿಗಳಲ್ಲೂ ಇದ್ದಾನೆ. ಇಂಗ್ಲಿಷಿನಲ್ಲಿ ಹದಿನೆಂಟು ಸಂಪುಟಗಳ ಅನುವಾದವೂ, ಅದನ್ನೇ ಒಂಬತ್ತು ದಪ್ಪ ಸಂಪುಟಗಳಾಗಿ ಕಟ್ಟಿದ ಆವೃತ್ತಿಯೂ ದೊರೆಯುತ್ತವೆ. ಒಪ್ಪದವರು ದಯವಿಟ್ಟು ಒಂದು ಕೆಲಸ ಮಾಡಿ: ಎರಡನೆಯ ಓದಿನಲ್ಲಿ ತೆನ್ಮಾ, ಯೋಹಾನ್ ಇಬ್ಬರನ್ನೂ ದಾಟಿ ಲುಂಗೆ ಬರುವ ಪುಟಗಳನ್ನೂ ಗ್ರಿಮ್ಮರ್ ಬರುವ ಪುಟಗಳನ್ನೂ ಮಾತ್ರ ಓದಿ. ಇಲ್ಲಿ ಹೇಳಿದ್ದು ನಿಲ್ಲುತ್ತದೆಯೋ ಬೀಳುತ್ತದೆಯೋ ಆಗ ನಿಮಗೇ ತಿಳಿಯುತ್ತದೆ.